ಕೊಸರಿನ ನೆಲ್ಲಿಕಾಯಿ

ಸಂತೆಯಲ್ಲಿ ಚೌಡವ್ವ ನೆಲ್ಲಿಕಾಯಿ ಮಾರುತ್ತಿದ್ದಳು. ಹುಳಿಯ ಬಯಕೆ ಹತ್ತಿದ ಬಸುರಿಯೊಬ್ಬಳು ಬಂದು ಕಾಲು ಕೆಜಿ ಕೇಳಿದಳು. ಅವಳ ಹಿಂದೆ, ಉಪ್ಪಿನಕಾಯಿಗೆಂದು ಐದು ಕೆಜಿ ಹೇಳಿದ್ದ ಹೋಟೆಲಿನವನು ಚೀಲ ಹಿಡಿದು ನಿಂತಿದ್ದ.

ಬುಟ್ಟಿ ಮೆಲ್ಲಗೆ ಹೇಳಿತು, "ಅವನ ತೂಕದಲ್ಲಿ ಒಂದು ಹಿಡಿ ಕಡಿಮೆ ಮಾಡಿ ಇವಳಿಗೆ ಕೊಡೋಣ. ಅವನಿಗೆ ಗೊತ್ತೇ ಆಗದು, ಇವಳ ಆಸೆ ತೀರುತ್ತದೆ. ಎಲ್ಲಿ ಸುಖ ಹೆಚ್ಚೋ ಅಲ್ಲೇ ಧರ್ಮ."

ತಕ್ಕಡಿ ಒಪ್ಪಲಿಲ್ಲ. "ಅವನು ನನ್ನನ್ನು ನಂಬಿ ನಿಂತಿದ್ದಾನೆ. ಯಾರು ಬಂದರೂ ನನ್ನ ಮುಳ್ಳು ವಾಲಬಾರದು. ಧರ್ಮವೆಂದರೆ ಅಷ್ಟೇ."

ಚೌಡವ್ವ ತೂಗಿದಳು. ಮುಳ್ಳು ನೆಟ್ಟಗೆ ನಿಂತಿತು. ಕಾಯಿಗಳನ್ನು ಬಸುರಿಯ ಸೆರಗಿಗೆ ಸುರಿದ ಮೇಲೆ, ತಾನು ತಿನ್ನಲೆಂದು ಮಡಿಲಲ್ಲಿ ಎತ್ತಿಟ್ಟುಕೊಂಡಿದ್ದ ದಪ್ಪ ಕಾಯೊಂದನ್ನು ತೆಗೆದು, "ತಗೋ ಮಗಳೇ, ಕೊಸರು" ಎಂದು ಮೇಲಿಟ್ಟಳು.

ತಕ್ಕಡಿ ಮುನಿಸಿಕೊಂಡಿತು. "ಹಾಗಾದರೆ ನಾನು ತೂಗಿದ್ದು ಸುಳ್ಳೇ?"

"ಇಲ್ಲಣ್ಣ," ಎಂದಿತು ಸೆರಗಿನಲ್ಲಿದ್ದ ಆ ಕಾಯಿ. "ನೀನು ಸರಿಯಾಗಿ ತೂಗಿದ್ದಕ್ಕೇ ನಾನು ಕೊಸರಾದೆ. ಬುಟ್ಟಿಯಕ್ಕ ಹೇಳಿದ ದಾರಿಯಲ್ಲಿ ಬಂದಿದ್ದರೆ ಕಸಿದ ಕಾಯಿ ಆಗುತ್ತಿದ್ದೆ."

ಹೋಟೆಲಿನವನ ಸರದಿ ಬಂತು. ತಕ್ಕಡಿ ಅವನ ಐದು ಕೆಜಿಯನ್ನೂ ಒಂದು ಕಾಯಿ ಆಚೀಚೆಯಾಗದಂತೆ ತೂಗಿಕೊಟ್ಟಿತು. ಆಮೇಲೆ ಚೌಡವ್ವನ ಕೈಯನ್ನೇ ನೋಡುತ್ತ ಕೇಳಿತು, "ಅವ್ವ, ಇವನಿಗೂ ಕೊಸರು ಉಂಟು ತಾನೇ?"