ಕಲ್ಲುಬಾವಿಯ ನೀರು

"ಗುರುಗಳೇ, ಊರಲ್ಲಿ ನನ್ನ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಉಳಿಯುವುದಿಲ್ಲವೆಂದು ಹೇಳಿಕಳಿಸಿದ್ದಾರೆ. ನನಗೆ ಮದ್ದು ಗೊತ್ತಿಲ್ಲ. ಮಂತ್ರವನ್ನೂ ಇನ್ನೂ ಅರ್ಧವೇ ಕಲಿತಿದ್ದೇನೆ. ಬರಿಗೈಯಲ್ಲಿ ಹೋಗಿ ಅವಳ ಪಕ್ಕ ಕೂತು ಏನು ಮಾಡಲಿ? ಏನು ಹಿಡಿದುಕೊಂಡು ಹೋಗಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಬಾವಿ ತೋಡುವವನೊಬ್ಬನಿದ್ದ. ಅವನಂಥವನು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ಬರಿಗಾಲಲ್ಲಿ ಹೊಲ ದಾಟಿದರೆ ಸಾಕು, ಅಡಿಯಲ್ಲಿ ನೀರಿದ್ದ ಕಡೆ ಅವನ ಅಂಗಾಲು ತಣ್ಣಗಾಗುತ್ತಿತ್ತು. ಹಾರೆ ಎತ್ತಿದನೆಂದರೆ ನೀರು ತಾನೇ ಎದ್ದು ಬರುತ್ತಿತ್ತು. ಹಾಗೆ ಎದ್ದು ಬಂದ ನೀರಿಗೂ ಅವನಿಗೂ ಪಂದ್ಯ ಬಿದ್ದು, ಅವನೇ ಮೊದಲು ಮೇಲೆ ಹತ್ತಿದ್ದನ್ನು ನೋಡಿದವರಿದ್ದರು. ಏಳು ಊರಿಗೆ ನೂರೊಂದು ಬಾವಿ ತೋಡಿದ. ಅವುಗಳಲ್ಲಿ ಕಲ್ಲುಬಾವಿ ಎಲ್ಲಕ್ಕಿಂತ ಆಳ. ಅದರೊಳಕ್ಕೆ ಒಂದು ಕಲ್ಲು ಹಾಕಿ, ಮನೆಗೆ ಹೋಗಿ ಉಂಡು, ಎಲೆಅಡಿಕೆ ಹಾಕಿಕೊಂಡು ಬಂದರೂ 'ಗುಳುಂ' ಎನ್ನುವ ಸದ್ದಿಗೆ ಇನ್ನೂ ಕಾಯಬೇಕಾಗಿತ್ತು.

ಅಂಥವನಿಗೂ ವಯಸ್ಸಾಯಿತು. ಒಂದು ಬೆಳಿಗ್ಗೆ ಮೇಲುಸಿರು ಹತ್ತಿತು. ಮಕ್ಕಳು, ಸೊಸೆಯರು ಹಾಸಿಗೆಯ ಸುತ್ತ ಕೂತರು. ಮೊಮ್ಮಗ ಜುಂಜನೂ ಕೂತ. ಅಜ್ಜನ ಹೆಗಲ ಮೇಲೆಯೇ ಬೆಳೆದವನು ಅವನು. ಒಂದೊಂದು ಉಸಿರು ಹೊರಗೆ ಹೋದಾಗಲೂ, ಮುಂದಿನದು ಬರುತ್ತದೋ ಇಲ್ಲವೋ ಎಂದು ಅವನು ಅಜ್ಜನ ಎದೆಯನ್ನೇ ನೋಡುತ್ತಿದ್ದ. ಸುಮ್ಮನೆ ಕೂತು ನೋಡುವುದು ಅವನಿಂದಾಗಲಿಲ್ಲ. ಎದ್ದು ಹೊರಗೆ ಹೋದ. ಒಳಗೆ ಬಂದ. ಮತ್ತೆ ಹೋದ.

ಬಾವಿ ತೋಡುವವರ ಮನೆಗಳಲ್ಲಿ ಒಂದು ಕಟ್ಟಳೆಯಿತ್ತು. ಹಿರಿಯನ ಬಾಯಿಗೆ ಬಿಡುವ ಕೊನೆಯ ನೀರು ಅವನೇ ತೋಡಿದ ಬಾವಿಯದಾಗಬೇಕು. ಅದು ನೆನಪಾದದ್ದೇ ತಡ, ಜುಂಜ ಹಗ್ಗ, ಬಿಂದಿಗೆ ಎತ್ತಿಕೊಂಡ. ಕಾಲಿಗೊಂದು ಕೆಲಸ ಸಿಕ್ಕಿತೆಂದು ಎದೆ ಸ್ವಲ್ಪ ಹಗುರವಾಯಿತು.

"ಎಲ್ಲಿಗೋ?" ಎಂದಳು ಅಜ್ಜಿ.

"ಕಲ್ಲುಬಾವಿಗೆ."

"ಮೂರು ಹರದಾರಿ ಆಗ್ತದಲ್ಲೋ! ಹಿತ್ತಿಲ ಬಾವಿ ತೋಡಿದ್ದೂ ಇವರೇ ಅಲ್ವೇನೋ? ಒಂದು ಬಿಂದಿಗೆ ಸೇದಿಟ್ಟು ಇಲ್ಲೇ ಕೂತ್ಕೋ."

"ನೂರೊಂದು ಬಾವಿ ತೋಡಿದವರ ಬಾಯಿಗೆ ಪಾತ್ರೆ ತೊಳೆಯೋ ನೀರು ಬಿಡ್ತೀಯೇನಜ್ಜಿ? ನಾಲ್ಕು ಜನ ಕೇಳಿದರೆ ಉಗೀತಾರೆ."

"ಹಾಸಿಗೆ ಹಿಡಿದಿರೋರು ಆ ನಾಲ್ಕು ಜನ ಅಲ್ಲ ಕಣೋ" ಎಂದಳು ಅಜ್ಜಿ. ಅಷ್ಟರಲ್ಲಿ ಅವನು ಅಂಗಳ ದಾಟಿದ್ದ.

ಕಲ್ಲುಬಾವಿಗೆ ಹಗ್ಗ ಸಾಲಲಿಲ್ಲ. ರುಮಾಲು ಬಿಚ್ಚಿ ಕಟ್ಟಿದ, ಸಾಲಲಿಲ್ಲ. ಉಟ್ಟ ಪಂಚೆ ಬಿಚ್ಚಿ ಕಟ್ಟಿದ, ಇನ್ನೂ ಗೇಣು ಕಡಿಮೆ. ಕೊನೆಗೆ ಕಟ್ಟೆಯ ಮೇಲೆ ಹೊಟ್ಟೆ ಊರಿ, ಅರ್ಧ ಮೈಯನ್ನು ಬಾವಿಯೊಳಕ್ಕೆ ಬಾಗಿಸಿ ಸೇದಿದ. ನೀರು ಮೇಲೆ ಬರುವಷ್ಟರಲ್ಲಿ ನೆತ್ತಿಯ ಮೇಲಿದ್ದ ಸೂರ್ಯ ವಾಲಿದ್ದ. ಒದ್ದೆ ಪಂಚೆ ಸುತ್ತಿಕೊಂಡು, ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚಿ ಓಡಿದ. ಎಂಥ ಓಟವೆಂದರೆ, ಅವನ ನೆರಳು ಹಿಂದೆ ಬಿದ್ದು, ದಾರಿಯಲ್ಲಿ ಏದುಸಿರು ಬಿಡುತ್ತಾ ಬಂತು. ಎದುರಿಗೆ ಬಂದವರ ಮುಖ ನೋಡಲು ಅಂಜಿದ. ಯಾರಾದರೂ ನಿಲ್ಲಿಸಿ, 'ಹೋಗಿಬಿಟ್ಟರಂತಲ್ಲೋ' ಎಂದುಬಿಟ್ಟರೆ?

ಮನೆ ಮುಟ್ಟಿದಾಗ ಸಂಜೆ. ಅಳು ಕೇಳಿಸಲಿಲ್ಲ. ಅಜ್ಜನಿಗೆ ಉಸಿರಿತ್ತು, ಕಣ್ಣೂ ತೆರೆದಿತ್ತು. ಜುಂಜನಿಗೆ ಹೋದ ಜೀವ ಬಂದಂತಾಯಿತು.

"ನೀನು ಹೋದಾಗಿನಿಂದ ನಿನ್ನ ಹೆಸರೇ ಕಣೋ" ಎಂದಳು ಅಜ್ಜಿ. "ಜುಂಜ ಎಲ್ಲಿ, ಜುಂಜ ಎಲ್ಲಿ ಅಂತ. ಹೊತ್ತು ವಾಲಿದ ಮೇಲೆ ಕೇಳೋದು ಬಿಟ್ಟರು."

ಅವನು ಅಜ್ಜನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗುಟುಕು ಬಿಟ್ಟ. ಮುದುಕ ಬಾಯಿ ಚಪ್ಪರಿಸಿದ. ಮುಖ ಅರಳಿತು.

"ಕಲ್ಲುಬಾವಿ ನೀರು! ನಾನೇ ತೋಡಿದ್ದು. ಅಡಿಯಲ್ಲಿ ಕರಿಬಂಡೆ ಅದೆ, ಅದರ ರುಚಿ ಇದು."

"ಹೌದಜ್ಜ, ಹೌದು. ನಾನೇ ತಂದಿದ್ದು, ನೋಡಜ್ಜ."

ಮುದುಕ ಅವನ ಮುಖವನ್ನು ಬಹಳ ಹೊತ್ತು ನೋಡಿದ.

"ಯಾವೂರಪ್ಪ ನಿಂದು, ಪುಣ್ಯಾತ್ಮ? ನೀರು ಕೊಟ್ಟೆ, ಅಷ್ಟು ಸಾಕು. ಕತ್ತಲಾಗ್ತದೆ, ಹೊರಡು. ಮನೇಲಿ ನಿಮ್ಮೋರು ಕಾಯ್ತಿರ್ತಾರೆ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಗುರುಗಳೇ, ಎಂಥ ದಡ್ಡ ಅವನು!" ಎಂದ ಶಿಷ್ಯ. "ಹಿತ್ತಿಲಲ್ಲೇ ಬಾವಿ ಇರಲಿಲ್ಲವೇ?"

ಗುರುಗಳು ಕೇಳಿದರು: "ನಿನಗೆ ಹೇಳಿಕಳಿಸಿ ಎಷ್ಟು ದಿನವಾಯಿತಪ್ಪ?"