ಒಂದೆಲಗಕ್ಕೆ ಉಳಿದ ಒಂದೇ ಎಲೆ

ಬೆಟ್ಟಗಳು ಎಲ್ಲಿ ಕೂರೋಣವೆಂದು ಇನ್ನೂ ಜಾಗ ಹುಡುಕುತ್ತಿದ್ದ ಕಾಲ. ಆಗ ಭೂಮಿತಾಯಿ ಪ್ರತಿ ಪ್ರಾಣಿಯ ಹೊಟ್ಟೆಯೊಳಗೆ ಒಂದು ಪುಟ್ಟ ಒಲೆ ಇಟ್ಟಳು. ಪ್ರತಿ ಬೆಳಗ್ಗೆ ಪಕ್ಕದಲ್ಲಿ ಆ ದಿನಕ್ಕಾಗುವಷ್ಟು ಸೌದೆ ಇಡುತ್ತಿದ್ದಳು. ಹೆದರಿಕೆಯಾದರೆ ಒಂದು ತುಂಡು ಹೆಚ್ಚಿಗೆ ಹಾಕಿ, ಓಡಲು ಶಕ್ತಿ ಬರುತ್ತದೆ, ಉಳಿದದ್ದನ್ನು ಜೋಪಾನ ಮಾಡಿ ಎಂದಳು.

ಮೊಲಮ್ಮನೂ ಕೇಳಿಸಿಕೊಂಡಳು. ಆದರೆ ತರಗೆಲೆ ಸರಿದರೂ ಸಾಕು, ಇದ್ದಬದ್ದ ಸೌದೆಯನ್ನೆಲ್ಲ ಒಲೆಗೆ ತುರುಕಿಬಿಡುತ್ತಿದ್ದಳು. ಎದೆ ಡವಡವ, ಓಟವೋ ಓಟ. ನಗಬೇಡ ಪುಟ್ಟಿ. ನಿನ್ನೆ ನಾಯಿ ಬೊಗಳಿದಾಗ ನೀನು ಚಪ್ಪಲಿ ಬಿಟ್ಟು ಓಡಿಬಂದೆಯಲ್ಲ, ಹಾಗೇ.

ಒಮ್ಮೆ ಮೊಲಮ್ಮನಿಗೆ ಮೂರು ಮರಿಗಳಾದವು. ಹಾಲು ಇಳಿಯಬೇಕಾದರೂ ಅದೇ ಒಲೆ ಉರಿಯಬೇಕು. ಅವತ್ತು ಗಾಳಿ ಒಂದು ಒಣಕಾಯಿ ಅಲ್ಲಾಡಿಸಿತು. ಮೊಲಮ್ಮ ಎಲ್ಲ ಸೌದೆ ಸುಟ್ಟು, ಗುಡ್ಡ ಸುತ್ತಿ ಬಂದಳು. ಮರಿಗಳು ಬಾಯಿಟ್ಟರೆ ಹಾಲಿಲ್ಲ.

ತಪ್ಪಾಯಿತು ಎಂದ ಗಾಳಿ ಅವಳನ್ನು ಹೊಳೆಯ ದಂಡೆಗೆ ಕಳಿಸಿತು. ಅಲ್ಲಿ ಒಂದೆಲಗವಿತ್ತು. ಆಗ ಅದರ ಕಡ್ಡಿಯ ತುಂಬ ಎಲೆಗಳು.

"ನನ್ನ ಎಲೆ ತಿನ್ನು ತಂಗಿ. ನಿಧಾನವಾಗಿ ಅಗಿ," ಎಂದಿತು ಒಂದೆಲಗ.

ಹಸಿ ಎಲೆ ಒಲೆ ಸೇರಿತು. ಭುಗಿಲೆದ್ದ ಉರಿ ತಗ್ಗಿತು. ಮರುದಿನ ಸೌದೆ ಉಳಿಯಿತು, ಹಾಲು ಇಳಿಯಿತು. ಅಂದಿನಿಂದ ಹೆದರಿದಾಗಲೆಲ್ಲ ಮೊಲಮ್ಮ ಬಂದು ಒಂದೆಲೆ ತಿನ್ನುವಳು. ಅವಳು ಹೆದರದ ದಿನವೇ ಇರಲಿಲ್ಲ, ಪಾಪ.

ಒಂದು ದಿನ ಹದ್ದಿನ ನೆರಳು ಕಂಡು ಏದುಸಿರು ಬಿಡುತ್ತ ಬಂದಳು. ನೋಡದೆಯೇ ಬಾಯಿ ಹಾಕಿದಳು. ಹಲ್ಲು ತಾಗಿದ್ದೇ ತಡ, ಎಲೆ ಗಡಗಡ ನಡುಗಿತು. ಆ ನಡುಕ ಮೊಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ಬಿಟ್ಟು ನೋಡಿದರೆ, ಕಡ್ಡಿಯಲ್ಲಿ ಉಳಿದದ್ದು ಅದೊಂದೇ.

"ನಿನಗೂ ಹೆದರಿಕೆಯಾ ಅಕ್ಕ?"

"ಹೌದು. ಆದರೂ ತಿನ್ನು. ಮರಿಗಳು ಹಸಿದಿವೆ."

ಮೊಲಮ್ಮ ಎಲೆಯಿಂದ ಬಾಯಿ ಹಿಂದಕ್ಕೆ ತೆಗೆದಳು. ಅಳು ಬಂತು. ಎಲೆಗೆ ಆತುಕೊಂಡು ಕುಳಿತು, ಹೆದರಬೇಡ, ನಾನಿದ್ದೇನೆ ಎಂದು ಮತ್ತೆ ಮತ್ತೆ ಹೇಳಿದಳು. ಎಲೆಯ ನಡುಕ ನಿಂತಿತು. ಹೇಳುತ್ತ ಹೇಳುತ್ತ ಅವಳ ಎದೆಯೂ ತಣ್ಣಗಾಯಿತು. ಒಲೆಯ ಪಕ್ಕ ಅರ್ಧ ಸೌದೆ ಹಾಗೇ ಉಳಿದಿತ್ತು. ಮರಿಗಳ ಬಳಿಗೆ ನಡೆದೇ ಹೋದಳು. ಮೂರೂ ಹೊಟ್ಟೆ ತುಂಬ ಕುಡಿದವು.

ಅದಕ್ಕೇ ಪುಟ್ಟಿ, ನಾನು ಚಟ್ನಿಗೆ ಕಿತ್ತು ತಂದ ಈ ಒಂದೆಲಗ ನೋಡು: ಕಡ್ಡಿಗೆ ಒಂದೇ ಎಲೆ, ಕಡ್ಡಿ ಸೇರುವಲ್ಲಿ ಮೊಲಮ್ಮ ಕಚ್ಚಿ ಬಿಟ್ಟುಕೊಟ್ಟ ಗುರುತು.