ತಿರಕಪ್ಪನ ಗಡಿಯಾರದೆಣ್ಣೆ

ಯಾವ ಕಾಲವೋ ಏನೋ, ಇಸವಿಗಿಸವಿ ನನ್ನ ಕೇಳಬೇಡಿ. ಬಹಳ ಹಿಂದೆ ಎಳ್ಳಿನಕೊಪ್ಪ ಅಂತ ಒಂದೂರು, ಆ ಊರಲ್ಲಿ ಗಾಣದ ತಿರಕಪ್ಪ ಅಂತ ಒಬ್ಬನಿದ್ದನಂತೆ. ನಮ್ಮಜ್ಜಿ ಹೇಳಿದ್ದನ್ನೇ ಹೇಳುತ್ತೀನಿ. ಒಂಚೂರು ಉಪ್ಪುಖಾರ ನಾನೂ ಹಾಕಿರಬಹುದು, ನೀವು ಸುಮ್ಮನೆ ಹೂಂಗುಟ್ಟಿ.

ತಿರಕಪ್ಪನ ಗಾಣದ ಎಣ್ಣೆಯೇ ಊರಿಗೆಲ್ಲ ಒಗ್ಗರಣೆಗೆ, ಗುಡಿಯ ದೀಪಕ್ಕೂ ಅದೇ. ಗಾಣ ಎಳೆಯೋಕೆ ಕೆಂಚ ಅಂತ ಒಂದು ಎತ್ತು. ಮನೆಯಲ್ಲಿ ಹೆಂಡತಿ ಗುರುಪಾದವ್ವ. ಮಕ್ಕಳಿಲ್ಲ. ಗೋಡೆಯ ಮೇಲೆ ಒಂದು ಗಡಿಯಾರ, ಗುರುಪಾದವ್ವ ತವರಿನಿಂದ ತಂದದ್ದು. ದಿನಾ ಕಸ ಗುಡಿಸಿ ಆದ ಮೇಲೆ ಅವಳೇ ಅದಕ್ಕೆ ಕೀ ಕೊಡುತ್ತಿದ್ದಳಂತೆ. ಒಂದು ಮಳೆಗಾಲದಲ್ಲಿ ಜ್ವರ ಬಂತು, ಅವಳು ಹೋದಳು. ಅವಳು ಹೋದ ಮೇಲೆ ಕೀ ಕೊಡುವ ಕೆಲಸ ಇವನಿಗೆ ಬಂತು.

ಮಾತಿಲ್ಲದ ಮನೆಯಲ್ಲಿ ಆ ಟಿಕ್ ಟಿಕ್ ಒಂದೇ ಸದ್ದು. ಉಣ್ಣುವಾಗ ಅದರ ಕಡೆ ಮುಖ ಮಾಡಿ ಕೂರುತ್ತಿದ್ದನಂತೆ, ಎಳ್ಳಿನ ರೇಟು, ಕೆಂಚನ ಕಾಲುನೋವು ಎಲ್ಲ ಅದಕ್ಕೇ ಹೇಳುತ್ತಿದ್ದನಂತೆ. ನಗಬೇಡಿ, ಒಬ್ಬರೇ ಇದ್ದು ನೋಡಿ, ಆಗ ಗೊತ್ತಾಗುತ್ತೆ. ಒಂದು ದಿನ ಅದೂ ನಿಂತಿತು. ಅಯ್ಯೋ ಶಿವನೇ! ಹೆಂಡತಿ ಸತ್ತಾಗ ಅಳದವನು ಅವತ್ತು ಅತ್ತನಂತೆ.

ಸಂತೆಯಲ್ಲಿ ಗಡಿಯಾರ ರಿಪೇರಿಯವನೊಬ್ಬ ಕೂರುತ್ತಿದ್ದ. ಒಳಗೆ ಎಣ್ಣೆ ಆರಿದೆ, ಇಲ್ಲಿ ಬಿಟ್ಟುಹೋಗು, ಮುಂದಿನ ಸಂತೆಗೆ ಒಯ್ಯಿ ಅಂದನಂತೆ. ಬಿಟ್ಟುಹೋಗೋದೆ? ಅದೂ ಗಾಣದವನು ಎಣ್ಣೆಗೆ ಇನ್ನೊಬ್ಬನ ಮುಂದೆ ಕೈ ಚಾಚೋದೆ? ತಿರಕಪ್ಪ ಗಡಿಯಾರ ಬಗಲಲ್ಲಿಟ್ಟುಕೊಂಡು ಬಂದ, ತಾನೇ ಬಿಚ್ಚಿದ. ಹಾಗೆ ಶುರುವಾಯಿತು ಅವನ ಹುಚ್ಚು.

ಈಗ ನೋಡಿ, ಗಾಣದವರ ಮನೆಯ ಪದ್ಧತಿ ಒಂದಿದೆ. ಎಣ್ಣೆ ಅಳೆದು ಕೊಟ್ಟ ಮೇಲೆ ಒಂದು ಕೊಸರು ಹಾಕಲೇಬೇಕು. ಕೊಸರು ಹಾಕದ ಕೈ ಗಾಣಕ್ಕೆ ಅವಮಾನ. ತಿರಕಪ್ಪ ಗಡಿಯಾರಕ್ಕೂ ಹಾಗೇ ಮಾಡಿದ. ಚಕ್ರದ ಒಂದೊಂದು ಮೊಳೆಗೂ ಧಾರಾಳವಾಗಿ ಎಳ್ಳೆಣ್ಣೆ, ಮೇಲೊಂದು ಕೊಸರು. ಗಡಿಯಾರ ಓಡಿತು. ಇವನು ಕುಣಿದಾಡಿದ. ಸ್ವಲ್ಪ ದಿನಕ್ಕೆ ಎಣ್ಣೆಯೆಲ್ಲ ಜಾರಿ ಕೆಳಗಿಳಿದು, ಧೂಳು ಮೆತ್ತಿಕೊಂಡು, ಹಲ್ಲುಗಳೆಲ್ಲ ಪಾಯಸಕ್ಕೆ ಬಿದ್ದ ಇರುವೆಯ ಹಾಗೆ ಅಂಟಿಕೊಂಡವು. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಹಾಗಾಯಿತು.

ಆಗ ಅವನಿಗೆ ತಿಳಿಯಿತಂತೆ, ಇಲ್ಲಿ ಕೊಸರು ಹಾಕಬಾರದು, ಜಿಪುಣನಾಗಬೇಕು ಅಂತ. ಜಿಪುಣತನ ಕಲಿಯೋದು ಅವನಿಗೆ ಎಷ್ಟು ಕಷ್ಟವಾಯಿತೋ! ಜಾಲಿಮುಳ್ಳಿನಲ್ಲಿ ಎಣ್ಣೆ ಮುಟ್ಟಿಸಿ ನೋಡಿದ, ಮುಳ್ಳೇ ಎಣ್ಣೆ ಕುಡಿಯಿತು. ಕೋಳಿಪುಕ್ಕದಲ್ಲಿ ನೋಡಿದ, ಎಳೆ ಉದುರಿ ಚಕ್ರಕ್ಕೆ ಸಿಕ್ಕಿತು. ಕೊನೆಗೆ ಗುರುಪಾದವ್ವ ಕೌದಿ ಹೊಲಿಯುತ್ತಿದ್ದ ಸೂಜಿ ತಗೊಂಡು, ತುದಿ ಕಾಯಿಸಿ, ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡಿದ. ಆ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಹನಿ ನಿಂತಿತಂತೆ. ಮೊಳೆಗೆ ಮುಟ್ಟಿಸಿದರೆ ಹನಿ ತಾನೇ ಹೋಗಿ ಮೊಳೆ ತಿರುಗುವ ಗೂಡಿನಲ್ಲಿ ಕೂತಿತಂತೆ.

ಸಲಕರಣೆ ಸಿಕ್ಕಿತು, ಎಣ್ಣೆ ಸಿಗಲಿಲ್ಲ. ಎಳ್ಳೆಣ್ಣೆ ದಿನ ಕಳೆದಂತೆ ಜಿಗುಟಾಯಿತು. ಕುಸುಬೆ ಎಣ್ಣೆ ಒಣಗಿ ಬಣ್ಣ ಬಳಿದ ಹಾಗೆ ಗಟ್ಟಿಯಾಯಿತು. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿತು. ಹರಳೆಣ್ಣೆ ಎಷ್ಟು ಮಂದ ಅಂದರೆ ಮುಳ್ಳುಗಳು ಬಸುರಿಯಂತೆ ನಡೆದವು. ಊರಿಗೆಲ್ಲ ಎಣ್ಣೆ ಕೊಟ್ಟವನ ಮನೆಯಲ್ಲಿ ಒಂದು ಗಡಿಯಾರಕ್ಕೆ ಎಣ್ಣೆ ಇಲ್ಲ! ಪ್ರತಿ ಸಲ ಬಿಚ್ಚೋದು, ತೊಳೆಯೋದು, ಬೇರೆ ಎಣ್ಣೆ ಮುಟ್ಟಿಸೋದು, ಕಿವಿ ಹಚ್ಚಿ ಕೂರೋದು. ಅದು ನಿಂತಾಗಲೆಲ್ಲ ಅವಳು ಇನ್ನೊಮ್ಮೆ ಸತ್ತ ಹಾಗಾಗುತ್ತಿತ್ತಂತೆ.

ಅಷ್ಟರಲ್ಲಿ ಕೆಂಚ ಮುದಿಯಾಗಿ ಸತ್ತ. ಸತ್ತ ದನ ಒಯ್ಯೋರು ಹಳ್ಳದಾಚೆಯ ತೊಗಲು ಹದ ಮಾಡುವ ಮನೆಯವರು. ಆ ಮನೆಯ ಯಜಮಾನಿ ದುರ್ಗವ್ವ, ಅವಳೂ ಗಂಡ ಸತ್ತವಳು. ಕೆಂಚನನ್ನು ಒಯ್ಯುವಾಗ ತಿರಕಪ್ಪ ಗಾಣದ ಕಲ್ಲು ತಬ್ಬಿಕೊಂಡು ಕೂತದ್ದನ್ನು ಅವಳು ನೋಡಿದಳು. ಬಿಚ್ಚಿಟ್ಟ ಗಡಿಯಾರವನ್ನೂ ನೋಡಿದಳು, ಏನು ಎತ್ತ ಅಂತ ಕೇಳಿ ತಿಳಿದುಕೊಂಡಳು.

ಕೆಲವು ದಿನ ಬಿಟ್ಟು ಒಂದು ಪುಟ್ಟ ಸೀಸೆ ತಂದು ಕಟ್ಟೆಯ ಮೇಲಿಟ್ಟಳಂತೆ. ಅವರ ಮನೆಯಲ್ಲಿ ಎತ್ತಿನ ಗೊರಸು, ಮೊಣಕಾಲೆಲುಬು ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಚಳಿಗೆ ಇಟ್ಟು ಸೋಸುತ್ತಾರೆ, ತೊಗಲು ಮೆತ್ತಗಾಗೋಕೆ.

“ಇದು ಅಂಟಾಗೂದಿಲ್ಲ, ಚಳಿಗೆ ಗಟ್ಟಿನೂ ಆಗೂದಿಲ್ಲ,” ಅಂದಳು. “ನಿನ್ನ ಕೆಂಚಂದು. ಎಣ್ಣಿ ಬಂದಾಗ ಕಣ್ಣ ಮುಚಗೋಬ್ಯಾಡ, ತಿರಕಪ್ಪಣ್ಣ.”

ತಿರಕಪ್ಪ ಚಾಚಿದ ಕೈ ಹಿಂದಕ್ಕೆ ತಗೊಂಡನಂತೆ. ದೇವರ ದೀಪಕ್ಕೆ ಎಣ್ಣೆ ಕೊಡುವ ಕೈ, ಗೊರಸಿನೆಣ್ಣೆ ಮುಟ್ಟಿದರೆ ಊರು ಬಿಟ್ಟೀತೆ? ಆ ದಿನವೆಲ್ಲ ಸೀಸೆ ನೋಡುತ್ತ ಕೂತ. ಕೊನೆಗೆ ಸೂಜಿ ಅದ್ದಿದ. ಗಡಿಯಾರ ಓಡಿತು. ಚಳಿ ಬಂತು, ಓಡಿತು. ಬಿಸಿಲು ಬಂತು, ಓಡಿತು. ಮತ್ತೆ ನಿಲ್ಲಲಿಲ್ಲವಂತೆ.

ಮಡಕೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚೋಕಾಗುತ್ತಾ? ಸುದ್ದಿ ಗುಡಿಗೆ ಮುಟ್ಟಿತು. ಆ ಸೀಸೆ ಚೆಲ್ಲಿ, ಗಡಿಯಾರ ಕೆರೆಗೆ ಹಾಕಿ, ಮಿಂದು ಬಾ, ಮೊದಲಿನಂತೆ ನಿನ್ನೆಣ್ಣೆ ತಗೋತೀವಿ ಅಂತ ಹಿರಿಯರು ಹೇಳಿಕಳಿಸಿದರಂತೆ. ತಿರಕಪ್ಪ ಗುಡಿಯ ಮುಂದೆ ಹೋಗಿ ನಿಂತ. ಈ ದೀಪಕ್ಕಾಗಿ ಕೆಂಚ ಜೀವಮಾನವೆಲ್ಲ ಸುತ್ತಿದ, ಅವನು ಸುತ್ತಿದ ಕಾಲಿನೆಣ್ಣೆ ಮೈಲಿಗೆ ಹೆಂಗಾತು ಅಂತ ಕೇಳಿದನಂತೆ. ಹಿರಿಯರು ಅವನೆಣ್ಣೆ ನಿಲ್ಲಿಸಿದರು. ಅವತ್ತಿನಿಂದ ಅವನ ಮನೆಯಲ್ಲಿ ಯಾರೂ ನೀರು ಕುಡಿಯಲಿಲ್ಲ. ಎಣ್ಣೆ ಕೊಳ್ಳುವವರಿಲ್ಲದೆ ಕೆಂಚನ ಜಾಗಕ್ಕೆ ತಂದಿದ್ದ ಎತ್ತನ್ನು ಮಾರಿದ, ಗಾಣ ನಿಂತಿತು. ಹೊಲದ ತುಂಡೊಂದರಲ್ಲಿ ಬೆಳೆದದ್ದು ಉಂಡು ಬದುಕಿದ.

ಆದರೆ ಊರವರ ಗಡಿಯಾರಗಳೂ ನಿಲ್ಲುತ್ತವಲ್ಲ? ಒಬ್ಬೊಬ್ಬರೇ ಬಂದರು. ಜೇಬಿನ ಗಡಿಯಾರ, ಗೋಡೆ ಗಡಿಯಾರ ತಂದು ಕಟ್ಟೆಯ ಮೇಲಿಟ್ಟು, ದೂರದಿಂದ ಹೇಳಿ ಹೋದರು. ಗೊರಸಿನೆಣ್ಣೆ ಗಡಿಯಾರಕ್ಕಾದರೆ ಮೈಲಿಗೆಯಲ್ಲವಂತೆ, ಮನುಷ್ಯನಿಗೆ ಮಾತ್ರವಂತೆ! ತಿರಕಪ್ಪ ಸಿಟ್ಟಾಗಲಿಲ್ಲ. ದುಡ್ಡೂ ಮುಟ್ಟಲಿಲ್ಲ. ಒಂದೇ ಒಂದು ಚಾಳಿ ಇತ್ತು ಅವನಿಗೆ. ಕೆಲಸ ಮುಗಿದಿದ್ದರೂ ಗಡಿಯಾರ ಕೊಡುತ್ತಿರಲಿಲ್ಲ. “ಇನ್ನೂ ಆಗಿಲ್ಲ, ನಾಳಿ ಬಾ, ಬಂದು ಕುಂದರು,” ಅನ್ನುತ್ತಿದ್ದನಂತೆ. ನಾಳೆ ಬಂದರೆ ಮತ್ತೆ ಅದೇ. ಜನಕ್ಕೆ ರೇಗಿತು. ಮುದುಕ ಸೋಮಾರಿ ಅಂದರು, ಲುಚ್ಚಾ ಅಂದರು. ದಾರಿಯಲ್ಲೇ ನಿಂತು “ಆತೇನೋ?” ಅಂತ ಕೂಗಿ ಹೋಗತೊಡಗಿದರು. ದುರ್ಗವ್ವ ಒಬ್ಬಳು ಬಂದು ಕೂರುತ್ತಿದ್ದಳು, ಅವಳ ಮೊಣಕಾಲು ಹಿಡಿಯುವ ತನಕ. ಆಮೇಲೆ ಅವಳೂ ಬರಲಾಗಲಿಲ್ಲ.

ಒಂದು ದಿನ ಬೆಳಿಗ್ಗೆ ಹೀಗೇ ಯಾರೋ ದಾರಿಯಿಂದ ಕೂಗಿದರಂತೆ. ಉತ್ತರವಿಲ್ಲ. ಕಿವಿಗೊಟ್ಟರೆ ಒಳಗೆ ಟಿಕ್ ಟಿಕ್ಕೂ ಇಲ್ಲ. ಅವತ್ತು ಊರು ಆ ಮನೆಯ ಹೊಸ್ತಿಲು ದಾಟಿತು. ತಿರಕಪ್ಪ ತೀರಿಹೋಗಿ ಎರಡು ದಿನವಾಗಿತ್ತೋ ಮೂರೋ, ಕೀ ಕೊಡುವವರಿಲ್ಲದೆ ಎಲ್ಲ ಗಡಿಯಾರಗಳೂ ನಿಂತಿದ್ದವು. ಒಬ್ಬ ತನ್ನದಕ್ಕೆ ಕೀ ಕೊಟ್ಟ, ಓಡಿತು. ಇನ್ನೊಬ್ಬ ಕೊಟ್ಟ, ಓಡಿತು. ಒಂದೂ ಕೆಟ್ಟಿರಲಿಲ್ಲ. ಅವುಗಳ ಮುಂದೆ, ಬಂದವರಿಗೆ ಅಂತ ಹಾಸಿದ ಒಂದು ಚಾಪೆ, ಪಕ್ಕದಲ್ಲಿ ತುಂಬಿಸಿಟ್ಟ ನೀರಿನ ಚೊಂಬು. ಚಾಪೆಯ ಮೇಲೆ ದುರ್ಗವ್ವ ಕೂರುತ್ತಿದ್ದ ಒಂದು ಮೂಲೆ ಬಿಟ್ಟರೆ ಯಾರೂ ಕೂತ ಗುರುತೇ ಇರಲಿಲ್ಲವಂತೆ. ಗುಡಿಯ ಹಿರಿಯನೊಬ್ಬ ಆ ಚೊಂಬೆತ್ತಿ ನೀರು ಕುಡಿದು ಗಳಗಳ ಅತ್ತನಂತೆ. ಅತ್ತು ಏನು ಬಂತು, ಮಣ್ಣು!

ಈಗಲೂ ಎಳ್ಳಿನಕೊಪ್ಪದಲ್ಲಿ ಯಾರೂ ಗಡಿಯಾರ ಬಿಟ್ಟುಹೋಗೋದಿಲ್ಲ. ಈಗ ಎಲ್ಲ ಸೆಲ್ಲಿನ ಗಡಿಯಾರ, ಎಣ್ಣೆಯ ಕೆಲಸವೇ ಇಲ್ಲ. ಆದರೂ ಅಂಗಡಿಯವನು ಸೆಲ್ಲು ಹಾಕಿ, ಮುಳ್ಳು ತಿರುಗೋದನ್ನು ನೋಡಿ, ಗಡಿಯಾರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡು “ಇನ್ನೂ ಆಗಿಲ್ಲ” ಅನ್ನುತ್ತಾನೆ. ತಂದವನು “ಆಗಲಿ ತಗೋ, ಕುಂತಿರತೀನಿ” ಅನ್ನುತ್ತಾನೆ. ಎಷ್ಟೇ ಅವಸರವಿದ್ದರೂ ಕೂತು, ಅವನ ಕೈಯಿಂದ ಒಂದು ಲೋಟ ನೀರು ಈಸಿಕೊಂಡು ಕುಡಿದೇ ಏಳುತ್ತಾನೆ.